ತವರಿನ ಪಾಸ್‌ಪೋರ್ಟ್, ಗಂಡನ ಮನೆಯ ಪಹಣಿ

ಹೊರದೇಶಕ್ಕೆ ಹೋದ ಮಗ ಅಲ್ಲಿಯೇ ಮದುವೆಯಾಗಿ ಪರದೇಶದ ಹೆಂಡತಿಯೊಡನೆ ಊರಿಗೆ ಮರಳುತ್ತಾನೆ ಎಂದಾಗ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆಗಳು ಮೂರು. ಯಾವ ಜನ? ಏನು ಊಟ? ಯಾವ ಮಾತು? ಈ ಮೂರಕ್ಕೂ ಕಾಲವೇ ಉತ್ತರ ಕೊಡುತ್ತದೆ. ವರ್ಷ ಎರಡು ವರ್ಷದಲ್ಲಿ ಸೊಸೆ ಮುದ್ದೆ ಮುರಿಯುವುದನ್ನು ಕಲಿಯುತ್ತಾಳೆ, ಅತ್ತೆ ಅವಳ ಹೆಸರನ್ನು ತನ್ನ ನಾಲಿಗೆಗೆ ಒಗ್ಗಿಸಿಕೊಳ್ಳುತ್ತಾಳೆ. ಆದರೆ ಯಾರೂ ಕೇಳದೆ ಬಿಡುವ ನಾಲ್ಕನೆಯ ಪ್ರಶ್ನೆಯೊಂದಿದೆ: ಈ ಮದುವೆ ಯಾವ ಕಾಯ್ದೆಯಡಿ ನೋಂದಣಿಯಾಗಿದೆ? ಮನೆಯವರ ಮನಸ್ಸು ಎಷ್ಟೇ ದೊಡ್ಡದಿರಲಿ, ಜಮೀನು, ಮಕ್ಕಳು ಮತ್ತು ಮುಪ್ಪಿನ ಆಸರೆಯ ವಿಷಯದಲ್ಲಿ ಕೊನೆಯ ಮಾತು ಈ ಪ್ರಶ್ನೆಯ ಉತ್ತರದ್ದೇ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಜನರಿಗೆ ಈ ವಿಷಯ ದೂರದ್ದಲ್ಲ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಮರುವರ್ಷ, 2008ರ ಮೇ ತಿಂಗಳಲ್ಲಿ, ಪಕ್ಕದ ದೇವನಹಳ್ಳಿಯಲ್ಲಿ ಬೆಂಗಳೂರಿನ ಹೊಸ ವಿಮಾನ ನಿಲ್ದಾಣ ತೆರೆಯಿತು. ಒಂದು ಕಾಲಕ್ಕೆ ಬೆಂಗಳೂರಿಗೆ ಹೋಗಿಬರುವುದೇ ಒಂದು ದಿನದ ಕೆಲಸವಾಗಿದ್ದ ಊರುಗಳಿಂದ ಇಂದು ಪರದೇಶದ ವಿಮಾನ ಹತ್ತಿರದ ದಾರಿ. ಹೋದವರು ಮರಳಿ ಬರುವ ದಾರಿಯೂ ಅದೇ.

ಪರದೇಶದವರನ್ನು ನೋಡುವುದು ಈ ಸೀಮೆಗೆ ಹೊಸದೂ ಅಲ್ಲ. ಲಂಡನ್ ಮಿಷನ್‌ನವರು ಕಳೆದ ಶತಮಾನದ ಆರಂಭದಲ್ಲಿ ಚಿಕ್ಕಬಳ್ಳಾಪುರದಲ್ಲಿ ಕಟ್ಟಿದ ಆಸ್ಪತ್ರೆಯೇ ಇಂದಿನ ಸಿಎಸ್‌ಐ ಆಸ್ಪತ್ರೆ. ಆದರೆ ಆ ದೊರೆಸಾನಿ ಬಂದದ್ದು ಕೆಲಸದ ಮೇಲೆ, ಇದ್ದದ್ದು ಬಂಗಲೆಯಲ್ಲಿ. ಸೊಸೆಯಾಗಿ ಬರುವವಳು ನಡುಮನೆಗೇ ಬರುತ್ತಾಳೆ. ಅವಳು ಕಲಿಯಬೇಕಾದದ್ದು ಒಂದು ಭಾಷೆಯೂ ಅಲ್ಲ. ಈ ಸೀಮೆಯ ಅನೇಕ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು, ಕಚೇರಿಯ ಮಾತು ಕನ್ನಡ; ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮೊಹಲ್ಲಾಗಳಿಗೆ ಹೋದರೆ ಉರ್ದು.

ಹಡಗು ಹತ್ತಿದ್ದೇ ತಪ್ಪಾಗಿದ್ದ ಕಾಲ

ಕಡಲು ದಾಟುವುದೇ ಕುಲಗೆಟ್ಟ ಕೆಲಸವೆನಿಸಿದ್ದ ಕಾಲವೊಂದಿತ್ತು. 1888ರಲ್ಲಿ ಗಾಂಧೀಜಿ ಬ್ಯಾರಿಸ್ಟರ್ ಓದಲು ಇಂಗ್ಲೆಂಡಿಗೆ ಹೊರಟಾಗ ಮುಂಬೈಯಲ್ಲಿದ್ದ ಅವರ ಜಾತಿಯ ಮುಖಂಡರು ಅವರನ್ನು ಜಾತಿಯಿಂದ ಹೊರಗಿಟ್ಟರು. 1891ರಲ್ಲಿ ಮರಳಿದಾಗ ಅವರ ಅಣ್ಣ ನಾಸಿಕದಲ್ಲಿ ಪುಣ್ಯಸ್ನಾನ ಮಾಡಿಸಿ, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಬೇಕಾಯಿತು. ಹೆಂಡತಿ ಮಕ್ಕಳನ್ನು ಊರಿನಲ್ಲಿಯೇ ಬಿಟ್ಟು ಒಬ್ಬಂಟಿಯಾಗಿ ಹೋಗಿಬಂದವರ ಪಾಡೇ ಹೀಗಿದ್ದರೆ, ಬಿಳಿಯ ಹೆಂಡತಿಯೊಡನೆ ಬಂದವರ ಪಾಡನ್ನು ಊಹಿಸುವುದು ಕಷ್ಟವಲ್ಲ.

ಕಾನೂನೂ ಅವರ ಕೈ ಹಿಡಿಯುತ್ತಿರಲಿಲ್ಲ. 1872ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕೆಂದರೆ ವಧೂವರರು ತಾವು ಹಿಂದೂ, ಕ್ರೈಸ್ತ, ಮುಸ್ಲಿಂ ಮೊದಲಾದ ಯಾವ ಧರ್ಮಕ್ಕೂ ಸೇರಿಲ್ಲವೆಂದು ಬರೆದುಕೊಡಬೇಕಿತ್ತು. 1923ರ ತಿದ್ದುಪಡಿ ಹಿಂದೂ, ಬೌದ್ಧ, ಸಿಖ್, ಜೈನರಿಗೆ ತಮ್ಮತಮ್ಮೊಳಗೆ ಮದುವೆಯಾಗಲು ಈ ಘೋಷಣೆಯಿಂದ ವಿನಾಯಿತಿ ಕೊಟ್ಟಿತು. ಹಿಂದೂವೊಬ್ಬ ತನ್ನ ಧರ್ಮದಲ್ಲಿದ್ದುಕೊಂಡೇ, ಕ್ರೈಸ್ತ ಹುಡುಗಿ ಅವಳ ಧರ್ಮದಲ್ಲಿದ್ದುಕೊಂಡೇ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಲು 1954ರ ಹೊಸ ಕಾಯ್ದೆಯವರೆಗೆ ಕಾಯಬೇಕಾಯಿತು.

ಕನ್ನಡನಾಡಿನವರೇ ಆದ ರಾಜಾ ರಾವ್ ಅವರ ಬದುಕು ಆ ಮಧ್ಯಕಾಲದ್ದು. 1908ರಲ್ಲಿ ಹಾಸನದಲ್ಲಿ ಹುಟ್ಟಿದ ಅವರು 1929ರಲ್ಲಿ ಓದಲು ಫ್ರಾನ್ಸಿಗೆ ಹೋದರು. 1931ರಲ್ಲಿ ಫ್ರೆಂಚ್ ಮಹಿಳೆ ಕಮೀಲ್ ಮೂಲಿ ಅವರನ್ನು ಮದುವೆಯಾದರು. ಆ ದಾಂಪತ್ಯ ಉಳಿಯಲಿಲ್ಲ, 1939ರಲ್ಲಿ ಅವರು ಭಾರತಕ್ಕೆ ಮರಳಿದರು. ದಕ್ಷಿಣ ಭಾರತದ ಬ್ರಾಹ್ಮಣ ಯುವಕ ಮತ್ತು ಅವನ ಫ್ರೆಂಚ್ ಪತ್ನಿಯ ನಡುವಣ ಬಿರುಕೇ 1960ರಲ್ಲಿ ಪ್ರಕಟವಾದ ಅವರ ಇಂಗ್ಲಿಷ್ ಕಾದಂಬರಿ 'ದಿ ಸರ್ಪೆಂಟ್ ಅಂಡ್ ದ ರೋಪ್'ನ ವಸ್ತು.

ಸ್ವಾತಂತ್ರ್ಯ ಬಂದ ಮೇಲೂ ಅಂಜಿಕೆ ಪೂರ್ತಿ ಹೋಗಲಿಲ್ಲ. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಕೆ.ಆರ್. ನಾರಾಯಣನ್ ರಂಗೂನಿನಲ್ಲಿದ್ದಾಗ ಬರ್ಮಾದ ಮಾ ಟಿಂಟ್ ಟಿಂಟ್ ಅವರನ್ನು ಮೆಚ್ಚಿದರು. ವಿದೇಶಾಂಗ ಸೇವೆಯಲ್ಲಿರುವವರು ವಿದೇಶಿಯರನ್ನು ಮದುವೆಯಾಗಲು ನಿಯಮ ಅಡ್ಡಬಂದಿತು. ಪ್ರಧಾನಿ ನೆಹರೂ ವಿಶೇಷ ಅನುಮತಿ ಕೊಟ್ಟ ಮೇಲೆ 1951ರಲ್ಲಿ ದೆಹಲಿಯಲ್ಲಿ ಮದುವೆ ನಡೆಯಿತು. ಉಷಾ ಎಂಬ ಹೆಸರು ಪಡೆದ ಆ ಸೊಸೆ 1997ರಲ್ಲಿ ರಾಷ್ಟ್ರಪತಿಯ ಪತ್ನಿಯಾಗಿ ರಾಷ್ಟ್ರಪತಿ ಭವನ ಪ್ರವೇಶಿಸಿದರು.

ಸೊಸೆಗೆ ತೆರೆದ ಬಾಗಿಲು, ಅಳಿಯನಿಗೆ ಮುಚ್ಚಿದ ಬಾಗಿಲು

ಭಾರತೀಯನನ್ನು ಮದುವೆಯಾದ ಮಾತ್ರಕ್ಕೆ ಯಾರೂ ಭಾರತೀಯರಾಗುವುದಿಲ್ಲ. ಅರ್ಜಿ ಹಾಕಬೇಕು, ಸರ್ಕಾರ ಒಪ್ಪಬೇಕು. 1968ರಲ್ಲಿ ಮದುವೆಯಾಗಿ ಬಂದ ಸೋನಿಯಾ ಗಾಂಧಿ ಭಾರತದ ಪೌರತ್ವ ಪಡೆದದ್ದು 1983ರಲ್ಲಿ.

1955ರ ಪೌರತ್ವ ಕಾಯ್ದೆಯ ಮೂಲ ಪಾಠದಲ್ಲಿ ನಮ್ಮ ಸಮಾಜದ ಮುಖವೇ ಕಾಣುತ್ತದೆ. ಮದುವೆಯ ಆಧಾರದ ಮೇಲೆ ಪೌರತ್ವ ಕೇಳುವ ಹಕ್ಕನ್ನು ಅದು ಕೊಟ್ಟದ್ದು ಭಾರತೀಯರನ್ನು ವರಿಸಿದ 'ಮಹಿಳೆ'ಯರಿಗೆ ಮಾತ್ರ. ಹೆಣ್ಣು ಗಂಡನ ಮನೆಗೆ ಬರುತ್ತಾಳೆ, ಗಂಡು ಹೆಂಡತಿಯ ಮನೆಗೆ ಬರುವುದಿಲ್ಲ ಎಂಬ ನಮ್ಮ ಹಳ್ಳಿಯ ನಂಬಿಕೆಯನ್ನೇ ಸಂಸತ್ತೂ ಬರೆದಿಟ್ಟಂತಿತ್ತು. 1986ರ ತಿದ್ದುಪಡಿಯಲ್ಲಿ 'ಮಹಿಳೆಯರು' ಎಂಬಲ್ಲಿ 'ವ್ಯಕ್ತಿಗಳು' ಎಂದಾಯಿತು. ಪರದೇಶದ ಅಳಿಯನಿಗೂ ದಾರಿ ತೆರೆಯಿತು. ಆದರೆ ಮಕ್ಕಳ ವಿಷಯದಲ್ಲಿ ತಾರತಮ್ಯ ಉಳಿದಿತ್ತು. ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ವಂಶದ ಆಧಾರದ ಮೇಲೆ ಪೌರತ್ವ ಸಿಗಬೇಕಾದರೆ ತಂದೆ ಭಾರತೀಯನಾಗಿರಬೇಕಿತ್ತು, ತಾಯಿ ಲೆಕ್ಕಕ್ಕಿರಲಿಲ್ಲ. 1992ರ ಡಿಸೆಂಬರ್ 10ರಂದು ಜಾರಿಗೆ ಬಂದ ತಿದ್ದುಪಡಿಯಿಂದಷ್ಟೇ ತಾಯಿಯೂ ಲೆಕ್ಕಕ್ಕೆ ಬಂದಳು. ಅಂದರೆ ಅದಕ್ಕೆ ಮುಂಚೆ ಗೌರಿಬಿದನೂರಿನ ಹುಡುಗ ಲಂಡನ್ನಿನಲ್ಲಿ ಮದುವೆಯಾದರೆ ಅವನ ಮಗು ಭಾರತದ್ದು, ಗೌರಿಬಿದನೂರಿನ ಹುಡುಗಿ ಅಲ್ಲಿಯೇ ಆ ದೇಶದವನನ್ನು ಮದುವೆಯಾದರೆ ಅವಳ ಮಗು ಪರದೇಶದ್ದು.

ಈಗಿನ ನಿಯಮದಂತೆ ಭಾರತೀಯ ಪ್ರಜೆಯ ಪತಿ ಅಥವಾ ಪತ್ನಿ ಈ ದೇಶದಲ್ಲಿ ಏಳು ವರ್ಷ ನೆಲೆಸಿದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಹಿಂದೆ ಐದು ವರ್ಷವಿದ್ದ ಅವಧಿಯನ್ನು 2003ರ ತಿದ್ದುಪಡಿ ಏಳಕ್ಕೆ ಏರಿಸಿತು. ಇಲ್ಲಿ ಒಂದು ದೊಡ್ಡ ಬೆಲೆ ತೆರಬೇಕಾಗುತ್ತದೆ. ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಭಾರತೀಯಳಾಗಬೇಕಾದರೆ ಹುಟ್ಟಿದ ದೇಶದ ಪೌರತ್ವವನ್ನು ಬಿಡಬೇಕು. ತವರು ಎಂದರೆ ಏನೆಂದು ಕನ್ನಡದ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ತಾಯಿಗೆ ಕಾಯಿಲೆಯೆಂದು ಸುದ್ದಿ ಬಂದಾಗ ತವರಿಗೇ ವೀಸಾ ಕೇಳಿಕೊಂಡು ಹೋಗಬೇಕಾದ ಸ್ಥಿತಿಯನ್ನು ಯಾವ ಮಗಳು ಸುಲಭವಾಗಿ ಒಪ್ಪಿಯಾಳು?

ಈ ಇಕ್ಕಟ್ಟಿಗೆ ನಡುದಾರಿಯಾಗಿ ಬಂದದ್ದು 'ಭಾರತದ ಸಾಗರೋತ್ತರ ನಾಗರಿಕ' ಎಂಬ ನೋಂದಣಿ, ಜನರ ಬಾಯಲ್ಲಿ ಒಸಿಐ ಕಾರ್ಡ್. ಭಾರತೀಯರ ಅಥವಾ ಒಸಿಐ ಕಾರ್ಡ್ ಇರುವವರ ವಿದೇಶಿ ಮೂಲದ ಪತಿ ಇಲ್ಲವೆ ಪತ್ನಿ, ಮದುವೆ ನೋಂದಣಿಯಾಗಿ ಎರಡು ವರ್ಷ ಸತತವಾಗಿ ಸಂಸಾರ ನಡೆದಿದ್ದರೆ ಇದಕ್ಕೆ ಅರ್ಜಿ ಹಾಕಬಹುದು. ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಗಳಿಗೆ, ಅಲ್ಲಿನ ಪ್ರಜೆಗಳ ಮಕ್ಕಳು ಮೊಮ್ಮಕ್ಕಳಿಗೆ ಇದು ಸಿಗದು. ಕಾರ್ಡ್ ಬಂದರೆ ಜೀವನಪರ್ಯಂತ ವೀಸಾ ಚಿಂತೆಯಿಲ್ಲ, ವಿದೇಶಿಯರ ನೋಂದಣಿ ಕಚೇರಿಗೆ ಅಲೆಯಬೇಕಿಲ್ಲ, ತವರಿನ ಪಾಸ್‌ಪೋರ್ಟೂ ಕೈಯಲ್ಲಿರುತ್ತದೆ.

ಆದರೆ ಹೆಸರಿನಲ್ಲಿ 'ನಾಗರಿಕ' ಎಂದಿದ್ದರೂ ಇದು ಪೌರತ್ವವಲ್ಲ. ಓಟಿನ ಹಕ್ಕಿಲ್ಲ, ಗ್ರಾಮ ಪಂಚಾಯಿತಿಗೂ ನಿಲ್ಲುವಂತಿಲ್ಲ, ಸರ್ಕಾರಿ ನೌಕರಿಯಿಲ್ಲ. ಪತ್ರಿಕಾ ಕೆಲಸ, ಸಂಶೋಧನೆ, ಮಿಷನರಿ ಕೆಲಸಗಳಿಗೆ 2021ರ ಅಧಿಸೂಚನೆಯಂತೆ ವಿಶೇಷ ಅನುಮತಿ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮದುವೆಯ ಆಧಾರದ ಮೇಲೆ ಬಂದ ಕಾರ್ಡ್ ಮದುವೆಯೊಂದಿಗೇ ಕಟ್ಟಿಹಾಕಿದ್ದು. ವಿಚ್ಛೇದನವಾದರೆ ಸರ್ಕಾರ ಅದನ್ನು ರದ್ದು ಮಾಡಬಹುದು. ಹತ್ತು ಹದಿನೈದು ವರ್ಷ ಇಲ್ಲಿ ಬಾಳಿ, ಇಲ್ಲಿಯೇ ಮಕ್ಕಳನ್ನು ಬೆಳೆಸಿದವಳಿಗೂ ಈ ಮಾತು ಅನ್ವಯಿಸುತ್ತದೆ.

ಕೊಳ್ಳುವಂತಿಲ್ಲ, ಬಂದರೆ ಉಳಿಸಿಕೊಳ್ಳಬಹುದು

ಇನ್ನು ಭೂಮಿಯ ಮಾತು. ದ್ರಾಕ್ಷಿ, ಹೂವು, ಟೊಮೇಟೊ, ಹಿಪ್ಪುನೇರಳೆಯ ಈ ಸೀಮೆಯಲ್ಲಿ ಸಂಸಾರದ ಆಸ್ತಿಯೆಂದರೆ ಜಮೀನೇ. ಊರಿಗೆ ಮರಳುವವರ ಮೊದಲ ಕನಸೂ ಸಾಮಾನ್ಯವಾಗಿ ಅದೇ: ನಂದಿ ಬೆಟ್ಟ ಕಾಣುವ ಕಡೆ ಎರಡು ಎಕರೆ, ಒಂದು ತೋಟದ ಮನೆ.

ಕರ್ನಾಟಕದಲ್ಲಿ ಕೃಷಿಕರಲ್ಲದವರು ಮತ್ತು ಹೆಚ್ಚು ಆದಾಯವುಳ್ಳವರು ಕೃಷಿ ಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. 'ಈಗ ಯಾರು ಬೇಕಾದರೂ ಕೊಳ್ಳಬಹುದು' ಎಂಬ ಮಾತು ಅಂದಿನಿಂದ ಹರಡಿದೆ. ಇದು ಅರ್ಧ ಸತ್ಯ. ತೆಗೆದದ್ದು ರಾಜ್ಯದ ತಡೆಯನ್ನು. ಒಸಿಐ ಕಾರ್ಡ್‌ನವರಿಗೆ ಕೇಂದ್ರ ಕೊಟ್ಟಿರುವ ಸೌಲಭ್ಯಗಳ ಪಟ್ಟಿಯಲ್ಲಿ ಕೃಷಿ ಜಮೀನು, ತೋಟದ ಮನೆ, ಪ್ಲಾಂಟೇಷನ್ ಖರೀದಿ ಇಲ್ಲ. ಪಟ್ಟಣದ ನಿವೇಶನ, ಮನೆ, ಫ್ಲ್ಯಾಟ್ ಕೊಳ್ಳಬಹುದು, ಹೊಲ ಕೊಳ್ಳುವಂತಿಲ್ಲ.

ಈ ನಿಯಮ ಸೊಸೆಗೆ ಮಾತ್ರವಲ್ಲ, ಕೆಲವೊಮ್ಮೆ ಮಗನಿಗೂ ತಗಲುತ್ತದೆ. ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ. ಅಮೆರಿಕದ ಪಾಸ್‌ಪೋರ್ಟ್ ಪಡೆದು ಮರಳಿದ ಚಿಂತಾಮಣಿಯ ಹುಡುಗ ತಾನು ಹುಟ್ಟಿದ ಊರಿನಲ್ಲಿಯೇ ಒಂದು ಗುಂಟೆ ಹೊಲ ಕೊಳ್ಳಲಾರ. ಆದರೆ ಉತ್ತರಾಧಿಕಾರದಿಂದ ಬರುವ ಜಮೀನಿಗೆ ಈ ತಡೆಯಿಲ್ಲ. ಅಪ್ಪನ ಹೊಲ ಮಗನಿಗೆ, ಗಂಡನ ಹೊಲ ವಿಧವೆಗೆ ಬರಬಹುದು. ಹಣ ಕೊಟ್ಟು ಪಡೆಯಲಾಗದ್ದನ್ನು ಸಂಬಂಧದಿಂದ ಪಡೆಯಬಹುದು. ಹಾಗಾಗಿಯೇ ಆ ಸಂಬಂಧ ಯಾವ ಕಾಯ್ದೆಯ ಕೆಳಗೆ ಬರೆಯಲ್ಪಟ್ಟಿದೆ ಎಂಬ ನಾಲ್ಕನೆಯ ಪ್ರಶ್ನೆಗೆ ಇಷ್ಟು ತೂಕ.

ಮದುವೆಯಾದ ದಿನವೇ ಪಾಲು

ಹಿಂದೂ ವಿವಾಹ ಕಾಯ್ದೆ ಅನ್ವಯಿಸುವುದು ಇಬ್ಬರೂ ಹಿಂದೂಗಳಾಗಿದ್ದಾಗ ಮಾತ್ರ. ಕ್ರೈಸ್ತಳಾಗಿಯೇ ಉಳಿದ ಹುಡುಗಿಗೆ ಛತ್ರದಲ್ಲಿ ತಾಳಿ ಕಟ್ಟಿ, ಸಪ್ತಪದಿ ತುಳಿಸಿ, ಸಾವಿರ ಜನಕ್ಕೆ ಊಟ ಹಾಕಿದರೂ ಆ ಕಾಯ್ದೆಯಡಿ ಅದು ಮದುವೆಯಲ್ಲ. ಹಿಂದೂ ಮತ್ತು ಕ್ರೈಸ್ತರ ನಡುವೆ ನಡೆದ ಇಂಥ ಒಂದು ಮದುವೆ ಸಿಂಧುವಲ್ಲವೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಬ್ಬರೂ ತಮ್ಮ ತಮ್ಮ ಧರ್ಮದಲ್ಲಿಯೇ ಇರಬೇಕೆಂದರೆ ಸಾಮಾನ್ಯವಾದ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ, ಗೋಡೆಯ ಮೇಲೆ 30 ದಿನದ ನೋಟಿಸು, ಮೂವರು ಸಾಕ್ಷಿಗಳು. ಹೊರದೇಶದಲ್ಲಿ ಆದ ಮದುವೆಯನ್ನು ಇಲ್ಲಿ ಬಂದು ಇದೇ ಕಾಯ್ದೆಯಡಿ ಮತ್ತೆ ನೋಂದಾಯಿಸುವವರೂ ಉಂಟು.

ಈ ಕಾಯ್ದೆಯ 19ನೇ ಕಲಮನ್ನು ಓದಿದವರು ವಿರಳ. ಅವಿಭಕ್ತ ಕುಟುಂಬಕ್ಕೆ ಸೇರಿದ ಹಿಂದೂ, ಬೌದ್ಧ, ಸಿಖ್ ಅಥವಾ ಜೈನ ವ್ಯಕ್ತಿ ಈ ಕಾಯ್ದೆಯಡಿ ಮದುವೆಯಾದರೆ, ಆ ಮದುವೆಯೇ ಅವನನ್ನು ಕುಟುಂಬದಿಂದ ಬೇರ್ಪಡಿಸಿದಂತೆ ಎಂದು ಅದು ಹೇಳುತ್ತದೆ. ವಧೂವರರಿಬ್ಬರೂ ಈ ನಾಲ್ಕು ಧರ್ಮಗಳವರೇ ಆಗಿದ್ದರೆ 1976ರ ತಿದ್ದುಪಡಿಯಿಂದ ಇದಕ್ಕೆ ವಿನಾಯಿತಿಯಿದೆ, ಕ್ರೈಸ್ತ ಮೂಲದ ವಿದೇಶಿ ಸಂಗಾತಿಯಾದರೆ ಇಲ್ಲ. ಅವನ ಪಾಲು ಹೋಗುವುದಿಲ್ಲ ನಿಜ, ಅದು ಅವನದೇ. ಆದರೆ ವಿಭಾಗ ಪತ್ರ ಬರೆಯದೆ, ಪೋಡಿ ಮಾಡಿಸದೆ, ಯಾರೂ ಬಾಯಿಬಿಟ್ಟು ಕೇಳದೆ, ಕಾನೂನಿನ ಕಣ್ಣಿನಲ್ಲಿ ಅವನು ಬೇರೆಯಾಗಿರುತ್ತಾನೆ. ಒಂದೇ ಒಲೆಯಲ್ಲಿ ಉಣ್ಣುತ್ತಿದ್ದರೂ ಅಷ್ಟೇ. ಹೆಂಡತಿಯೊಡನೆ ಮನೆ ಸೇರಲು ಬಂದ ಮಗ ಮನೆಯಿಂದ ಪಾಲಾಗಿಯೇ ಬಂದಿರುತ್ತಾನೆ. 2005ರಿಂದ ಹೆಣ್ಣುಮಕ್ಕಳೂ ಅವಿಭಕ್ತ ಕುಟುಂಬದಲ್ಲಿ ಗಂಡುಮಕ್ಕಳಂತೆಯೇ ಹಕ್ಕುದಾರರಾಗಿರುವುದರಿಂದ, ಪರದೇಶದವನನ್ನು ಹೀಗೆ ವರಿಸಿದ ಮಗಳಿಗೂ ಇದೇ ಮಾತು.

ಮುಂದಿನ 21ನೇ ಕಲಮಿನ ಪರಿಣಾಮ ಇನ್ನೂ ಆಳ. ಹೀಗೆ ಮದುವೆಯಾದವರ ಆಸ್ತಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಬದಲು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಲೆಕ್ಕ ಹಾಕಿ ನೋಡೋಣ. ಶಿಡ್ಲಘಟ್ಟದ ಕಡೆಯ ಒಬ್ಬ ರೈತನ ಮಗನನ್ನು ಊಹಿಸಿಕೊಳ್ಳಿ. ಅವನ ಹೆಸರಿಗೆ ಆರು ಎಕರೆ ಇದೆ. ಉಯಿಲು ಬರೆಯದೆ ಅವನು ತೀರಿಕೊಂಡ. ವಯಸ್ಸಾದ ತಾಯಿ, ಹೆಂಡತಿ, ಇಬ್ಬರು ಮಕ್ಕಳು ಉಳಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಯಂತಾದರೆ ನಾಲ್ವರಿಗೂ ಸಮಪಾಲು, ತಲಾ ಒಂದೂವರೆ ಎಕರೆ. ವಿಶೇಷ ವಿವಾಹವಾಗಿದ್ದರೆ ಹೆಂಡತಿಗೆ ಮೂರನೇ ಒಂದು ಭಾಗ, ಅಂದರೆ ಎರಡು ಎಕರೆ; ಉಳಿದ ನಾಲ್ಕು ಎಕರೆ ಮಕ್ಕಳಿಬ್ಬರಿಗೆ. ತಾಯಿಗೆ ಏನೂ ಇಲ್ಲ. ಮಗ ಊರಿಗೆ ಮರಳಿದ್ದೇ ತಾಯಿಯನ್ನು ನೋಡಿಕೊಳ್ಳಲು ಎಂದಿಟ್ಟುಕೊಂಡರೆ, ಅವನ ಮದುವೆಯ ಪತ್ರ ಆ ಉದ್ದೇಶವನ್ನೇ ಸದ್ದಿಲ್ಲದೆ ಅಳಿಸಿಹಾಕಿರುತ್ತದೆ. ಅತ್ತೆ ಸೊಸೆಯರ ನಡುವೆ ಆಮೇಲೆ ಏಳುವ ಮುನಿಸಿಗೆ ಸೊಸೆಯ ಬಿಳಿಯ ಬಣ್ಣ ಕಾರಣವಾಗಿರುವುದಿಲ್ಲ, ಯಾರೂ ಓದದ ಕಾಯ್ದೆ ಕಾರಣವಾಗಿರುತ್ತದೆ. ಮುಂಚೆಯೇ ಬರೆದಿಟ್ಟ ಒಂದು ಉಯಿಲು ಇದನ್ನು ತಪ್ಪಿಸಬಲ್ಲದು.

ಮುಸ್ಲಿಂ ಮನೆಗಳಲ್ಲಿ ಲೆಕ್ಕ ಬೇರೆ. ಮುಸ್ಲಿಂ ಪುರುಷ ಕ್ರೈಸ್ತ ಅಥವಾ ಯಹೂದಿ ಮಹಿಳೆಯನ್ನು ನಿಕಾಹ್ ಮಾಡಿಕೊಳ್ಳಲು ಷರೀಯತ್ತಿನಲ್ಲಿ ಅವಕಾಶವಿದೆ. ಆದರೆ ಮತಾಂತರವಾಗದ ಹೆಂಡತಿಗೆ ಷರೀಯತ್ತಿನಂತೆ ಗಂಡನ ಆಸ್ತಿಯಲ್ಲಿ ವಾರಸುದಾರಿಕೆಯಿಲ್ಲ, ಉಯಿಲಿನ ಮೂಲಕ ಮೂರನೇ ಒಂದು ಭಾಗದ ಮಿತಿಯೊಳಗೆ ಕೊಡಬಹುದಷ್ಟೆ. ಹಿಂದೂ ಮನೆಯಲ್ಲಿ ತಾಯಿ ಹೊರಗುಳಿದರೆ ಇಲ್ಲಿ ಹೆಂಡತಿ ಹೊರಗುಳಿಯುತ್ತಾಳೆ. ಎರಡು ಕಡೆಯೂ ಕಾಣುವುದು ಒಂದೇ: ಬರೆದಿಡದ ಪ್ರೀತಿಯನ್ನು ಕಾನೂನು ಗುರುತಿಸುವುದಿಲ್ಲ.

ಬರೆದಿಟ್ಟದ್ದು ಗೋಜಲಾದರೂ ಕಷ್ಟವೇ. ರಷ್ಯಾ ಮೂಲದ ಕಲಾವಿದ ಸ್ವೆತೊಸ್ಲಾವ್ ರೋರಿಕ್ ಮತ್ತು ನಟಿ ದೇವಿಕಾ ರಾಣಿ ದಂಪತಿ ಕನಕಪುರ ರಸ್ತೆಯ ತಾತಗುಣಿಯಲ್ಲಿ 468 ಎಕರೆ ತೋಟ ಮಾಡಿಕೊಂಡಿದ್ದರು. ಅವರಿಗೆ ಮಕ್ಕಳಿರಲಿಲ್ಲ. 1993ರಲ್ಲಿ ಅವರು, 1994ರಲ್ಲಿ ಇವರು ತೀರಿಕೊಂಡರು. ಕೊನೆಗಾಲದ ಕ್ರಯಪತ್ರಗಳ ಸುತ್ತ ವ್ಯಾಜ್ಯ ಬೆಳೆಯಿತು. ತೋಟವನ್ನು ವಶಕ್ಕೆ ಪಡೆಯಲು 1996ರಲ್ಲಿ ಕರ್ನಾಟಕ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿಯಿತು.

ಮಕ್ಕಳ ಓದು

ಮರಳುವವರು ಮಕ್ಕಳೊಡನೆ ಬಂದರೆ ಇನ್ನೊಂದು ತೊಡಕು ಇದೆ. ಭಾರತದಲ್ಲಿ ಹುಟ್ಟುವ ಮಗುವಿನ ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಲ್ಲದಿದ್ದರೆ ಮಗು ಭಾರತೀಯ. ಹೊರದೇಶದಲ್ಲಿ ಹುಟ್ಟಿದರೆ ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಬರೆದುಕೊಡಬೇಕು. ಅಲ್ಲಿನ ಪಾಸ್‌ಪೋರ್ಟ್ ಮಾಡಿಸಿದರೆ ಇಲ್ಲಿ ಉಳಿಯುವುದು ಒಸಿಐ ಕಾರ್ಡ್ ಮಾತ್ರ. ವೈದ್ಯಕೀಯ, ಎಂಜಿನಿಯರಿಂಗ್ ಪ್ರವೇಶದಲ್ಲಿ ಇಂಥ ಮಕ್ಕಳಿಗೆ ಭಾರತೀಯರಿಗೆ ಮೀಸಲಾದ ಸೀಟುಗಳು ಸಿಗದಂತೆ 2021ರ ಮಾರ್ಚ್ 4ರ ಅಧಿಸೂಚನೆ ತಡೆಯಿತು. ಅದಕ್ಕೆ ಮುಂಚೆ ಹುಟ್ಟಿದವರಿಗೆ ಈ ತಡೆ ಅನ್ವಯಿಸದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ದಿನಾಂಕದ ನಂತರ ಪರದೇಶದಲ್ಲಿ ಹುಟ್ಟಿ ಒಸಿಐ ಕಾರ್ಡ್ ಮೇಲೆ ಬರುವ ಮಗು ಚಿಕ್ಕಬಳ್ಳಾಪುರದ ಶಾಲೆಯಲ್ಲಿಯೇ ಓದಿ ಬೆಳೆದರೂ ಆ ಹಂತದಲ್ಲಿ ಅನಿವಾಸಿ ಭಾರತೀಯರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಒಟ್ಟಿನಲ್ಲಿ ನೂರು ವರ್ಷದ ಹಿಂದೆ ಊರು ಅಡ್ಡ ಬರುತ್ತಿತ್ತು, ಸ್ನಾನ ಮಾಡಿಸಿ ಊಟ ಹಾಕಿಸಿದರೆ ಊರು ಸುಮ್ಮನಾಗುತ್ತಿತ್ತು. ಇಂದು ಊರು ಬಹುಮಟ್ಟಿಗೆ ಒಪ್ಪಿಕೊಳ್ಳುತ್ತದೆ, ಕುತೂಹಲದಿಂದಲೋ ಪ್ರೀತಿಯಿಂದಲೋ ಸೊಸೆಗೆ ಮಡಿಲು ತುಂಬುತ್ತದೆ. ಅಡ್ಡ ಬರುವುದು ಕಾಗದ. ಅದಕ್ಕೆ ಪ್ರಾಯಶ್ಚಿತ್ತವಿಲ್ಲ, ಮುಂಜಾಗ್ರತೆಯಷ್ಟೇ ಇದೆ. ವಿಮಾನದ ಟಿಕೇಟು ಕೊಳ್ಳುವ ಮುನ್ನ ಮದುವೆಯ ಕಾಯ್ದೆ ಯಾವುದೆಂದು ನೋಡಿಕೊಳ್ಳುವುದು, ಮಕ್ಕಳ ಪಾಸ್‌ಪೋರ್ಟ್ ಬಗ್ಗೆ ಗಂಡ ಹೆಂಡತಿ ಕೂತು ತೀರ್ಮಾನಿಸುವುದು, ಊರಿಗೆ ಬಂದ ಮೇಲೆ ವಕೀಲರ ಮುಂದೆ ತಾಯಿಯನ್ನೂ ಹೆಂಡತಿಯನ್ನೂ ಮರೆಯದ ಒಂದು ಉಯಿಲು ಬರೆಸುವುದು. ಅತ್ತೆ ಸೊಸೆ ಇಬ್ಬರಿಗೂ ಅರ್ಥವಾಗುವ ಭಾಷೆ ಇನ್ನೂ ಹುಟ್ಟದಿದ್ದರೂ, ಇಬ್ಬರ ಹೆಸರೂ ಇರುವ ಆ ಒಂದು ಪತ್ರ ಅವರನ್ನು ಒಂದೇ ಮನೆಯಲ್ಲಿ ಇರಿಸಬಲ್ಲದು.